ಅಠಾರಾ ಕಚೇರಿಯ ಟಿಪ್ಪಣಿಯಲ್ಲಿ ಯಾವ ಕಾಲದ ಬಳಕೆಯನ್ನು ಮುಂದಿಡಬೇಕು?

ಪ್ರಶ್ನೆ (ಸಮಾಜಪಾಠ)

ನಾನು ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಕಬ್ಬನ್ ಉದ್ಯಾನದ ಸುತ್ತಮುತ್ತಲಿನ ಹಳೆಯ ಕಟ್ಟಡಗಳನ್ನು ಕುರಿತು ಒಂಬತ್ತನೆಯ ತರಗತಿಯ ಮಕ್ಕಳಿಗಾಗಿ ಒಂದೊಂದು ಪುಟದ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಉಳಿದವು ಹೇಗೋ ಒಂದು ಪುಟಕ್ಕೆ ಹೊಂದಿಕೊಂಡವು. ಇಂದು ಹೈಕೋರ್ಟ್ ಇರುವ ಅಠಾರಾ ಕಚೇರಿ ಮಾತ್ರ ಹೊಂದಿಕೊಳ್ಳುತ್ತಿಲ್ಲ.

1864ರಲ್ಲಿ ಆರಂಭಗೊಂಡು 1868ರಲ್ಲಿ ಮುಗಿದ ಈ ಕೆಂಪು ಕಟ್ಟಡವು ಕಮಿಷನರ್ ಬೌರಿಂಗ್ ಅವರ ಆಡಳಿತದ ಹದಿನೆಂಟು ಇಲಾಖೆಗಳಿಗಾಗಿ ನಿರ್ಮಾಣವಾಯಿತು ಎಂಬುದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಈಗ ಅಲ್ಲಿ ನ್ಯಾಯಾಲಯವಿದೆ ಎಂಬುದು ದಾರಿಹೋಕರಿಗೂ ಗೊತ್ತು. ಇವೆರಡರ ನಡುವಿನ ಅವಧಿಯನ್ನು ಹೆಚ್ಚಿನ ಬರಹಗಳು 'ಮುಂದೆ ಇದು ನ್ಯಾಯಾಲಯವಾಯಿತು' ಎಂಬ ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ. ಆ ಅವಧಿಯಲ್ಲಿ ಕಟ್ಟಡದೊಳಗೆ ನಡೆದದ್ದೇನು, ಬಳಕೆ ಇಷ್ಟು ಬದಲಾದರೂ ಕಟ್ಟಡ ಉಳಿದದ್ದು ಹೇಗೆ, ಮತ್ತು ಒಂದೇ ಪುಟದಲ್ಲಿ ಹೇಳಬೇಕಾದರೆ ಯಾವ ಕಾಲದ ಬಳಕೆಗೆ ಹೆಚ್ಚು ಜಾಗ ಕೊಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ವಾಸ್ತುಶೈಲಿಯ ವರ್ಣನೆ ನನ್ನಲ್ಲಿ ಬೇಕಾದಷ್ಟಿದೆ, ಅದನ್ನು ದಯವಿಟ್ಟು ಬಿಟ್ಟುಬಿಡಿ.

ಉತ್ತರ 1 (ಕೋಟೆಬೀದಿ)

ಕಟ್ಟಡವೊಂದನ್ನೇ ಹಿಡಿದು ಹೊರಟರೆ ಈ ಕಥೆ ತುಂಡುತುಂಡಾಗಿ ಕಾಣುತ್ತದೆ. ಅದರ ಬದಲು ಕಚೇರಿಯನ್ನು ಹಿಂಬಾಲಿಸಿ ನೋಡಿ. ಆಗ ಒಂದೇ ಸಚಿವಾಲಯವು ಸುಮಾರು ನೂರಿಪ್ಪತ್ತೈದು ವರ್ಷಗಳಲ್ಲಿ ಮೂರು ಕಟ್ಟಡಗಳನ್ನು ಹಾದುಹೋದದ್ದು ತಿಳಿಯುತ್ತದೆ.

1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತಮ್ಮ ಕೈಗೆ ತೆಗೆದುಕೊಂಡು ಆಡಳಿತ ಕೇಂದ್ರವನ್ನು ಬೆಂಗಳೂರಿಗೆ ತಂದಾಗ, ಇಲ್ಲಿ ಸರ್ಕಾರಿ ಕಚೇರಿಗಳಿಗೆಂದೇ ಕಟ್ಟಿದ ದೊಡ್ಡ ಕಟ್ಟಡವೇನೂ ಇರಲಿಲ್ಲ. ಕೋಟೆಯೊಳಗೆ, ವೆಂಕಟರಮಣಸ್ವಾಮಿ ದೇವಾಲಯದ ಪಕ್ಕದಲ್ಲಿ, ಹೈದರ್ ಅಲಿ 1781ರಲ್ಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆಯಿತ್ತು. ಸಚಿವಾಲಯವು ಆ ಅರಮನೆಯಲ್ಲಿಯೇ ನೆಲೆಸಿ 1868ರವರೆಗೆ ಅಲ್ಲೇ ಉಳಿಯಿತು. ಮಾರ್ಕ್ ಕಬ್ಬನ್ ಅವರು 1834ರಿಂದ 1861ರವರೆಗೆ ಕಮಿಷನರ್ ಆಗಿದ್ದರು. ಅಷ್ಟೂ ಕಾಲ ಸಂಸ್ಥಾನದ ಕಡತಗಳು ತೇಗದ ಕಂಬಗಳ ನಡುವಿನ ಆ ಮಹಡಿಗಳಲ್ಲಿ ಓಡಾಡಿದವು. ಆ ಅರಮನೆಯನ್ನು ನೋಡಿದವರಿಗೆ ಇದು ಎಷ್ಟು ಅನನುಕೂಲದ ಏರ್ಪಾಡೆಂದು ಹೇಳಬೇಕಾಗಿಲ್ಲ. ದರ್ಬಾರಿಗೆಂದು ಪೂರ್ವಕ್ಕೂ ಪಶ್ಚಿಮಕ್ಕೂ ಮುಖಮಾಡಿದ ಉಪ್ಪರಿಗೆಗಳು, ಗಾಳಿಗೆ ತೆರೆದ ಕಂಬಸಾಲುಗಳು, ಮೂಲೆಗಳಲ್ಲಿ ಸಣ್ಣ ಕೋಣೆಗಳು: ರಾಜನೊಬ್ಬ ಕುಳಿತು ಅಹವಾಲು ಕೇಳಲು ತಕ್ಕ ಸ್ಥಳ, ಗುಮಾಸ್ತರ ಸಾಲು ಕುಳಿತು ಬರೆಯಲು ತಕ್ಕುದಲ್ಲ.

ಆದ್ದರಿಂದ 1868ರಲ್ಲಿ ಸಚಿವಾಲಯ ಹೊಸ ಕಟ್ಟಡಕ್ಕೆ ಹೊರಟಿತು. ಅಲ್ಲಿ ದಂಡು ಪ್ರದೇಶ ಒಂದು ಬದಿಗೆ, ಪೇಟೆ ಇನ್ನೊಂದು ಬದಿಗೆ, ನಡುವೆ ಬಯಲು. ಆ ಬಯಲಿನಲ್ಲಿಯೇ 1870ರಲ್ಲಿ ಉದ್ಯಾನ ರೂಪುಗೊಂಡಿತು. ನಿಮ್ಮ ಮಕ್ಕಳಿಗೆ ಇದನ್ನು ವಿಶೇಷವಾಗಿ ತೋರಿಸಿ: ಇಂದು ಉದ್ಯಾನದ ಅಂಚಿನಲ್ಲಿ ಕಟ್ಟಡ ನಿಂತಂತೆ ಕಾಣುತ್ತದೆಯಾದರೂ, ಕಾಲದ ಲೆಕ್ಕದಲ್ಲಿ ಕಟ್ಟಡ ಮೊದಲು, ಉದ್ಯಾನ ಆಮೇಲೆ.

1881ರಲ್ಲಿ ರಾಜ್ಯವು ಒಡೆಯರಿಗೆ ಮರಳಿದಾಗಲೂ ಸಚಿವಾಲಯ ಅಲ್ಲಿಂದ ಕದಲಲಿಲ್ಲ. ಕಮಿಷನರ್ ಸ್ಥಾನಕ್ಕೆ ದಿವಾನರು ಬಂದರು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ವಿಶ್ವೇಶ್ವರಯ್ಯ, ಮಿರ್ಜಾ ಇಸ್ಮಾಯಿಲ್ ಇವರೆಲ್ಲರ ಕಾಲದ ಸರ್ಕಾರ ನಡೆದದ್ದು ಈ ಕಟ್ಟಡದಿಂದ. ಶಿವನಸಮುದ್ರದ ವಿದ್ಯುತ್ತು, ಕನ್ನಂಬಾಡಿಯ ಅಣೆಕಟ್ಟು, ಭದ್ರಾವತಿಯ ಕಬ್ಬಿಣ ಎಂದೊಡನೆ ನಾವು ವ್ಯಕ್ತಿಗಳನ್ನು ನೆನೆಯುತ್ತೇವೆ, ಅವರ ಆಡಳಿತ ಯಾವ ಸೂರಿನಡಿ ನಡೆಯಿತೆಂದು ಯಾರೂ ಕೇಳುವುದಿಲ್ಲ. ನನ್ನನ್ನು ಕೇಳಿದರೆ ನಿಮ್ಮ ಒಂದು ಪುಟದಲ್ಲಿ ಅರ್ಧ ಜಾಗ 1881ರಿಂದ 1947ರವರೆಗಿನ ಈ ದಿವಾನರ ಅವಧಿಗೆ ಸಲ್ಲಬೇಕು.

ಮೈಸೂರಿನ ಹಳೆಯ ಜಿಲ್ಲಾಧಿಕಾರಿ ಕಚೇರಿಗೂ ಜನ ಇದೇ ಹೆಸರು ಹೇಳುವುದುಂಟು. ಆದ್ದರಿಂದ ಅಂತರ್ಜಾಲದಲ್ಲಿ ಹುಡುಕಿದ ಚಿತ್ರಗಳನ್ನು ಒಮ್ಮೆ ಪರಿಶೀಲಿಸಿ ಬಳಸಿ.

ಉತ್ತರ 2 (ಕಟಕಟೆ)

ಕೋಟೆಬೀದಿಯವರು ವಿವರಿಸಿದ ಕ್ರಮವನ್ನು ಒಪ್ಪುತ್ತೇನೆ, ಆದರೆ ಅರ್ಧ ಪುಟವನ್ನು ದಿವಾನರಿಗೆ ಬಿಟ್ಟುಕೊಡುವುದಕ್ಕೆ ನನ್ನ ಆಕ್ಷೇಪವಿದೆ. ನಾನು ವೃತ್ತಿಯಿಂದ ವಕೀಲ. ಪಕ್ಷಪಾತ ಇದ್ದರೆ ಮನ್ನಿಸಿ.

ಮೊದಲಿಗೆ, ಎಲ್ಲ ಬರಹಗಳೂ ಬಿಟ್ಟುಬಿಡುವ ಒಂದು ದಿನವನ್ನು ಹೇಳುತ್ತೇನೆ. ಸಂವಿಧಾನ ಜಾರಿಗೆ ಬಂದ ಮೇಲೆ ವಯಸ್ಕ ಮತದಾನದ ಮೂಲಕ ಆಯ್ಕೆಯಾದ ಮೈಸೂರು ವಿಧಾನಸಭೆಯ ಮೊದಲ ಅಧಿವೇಶನ ಸೇರಿದ್ದು 1952ರ ಜೂನ್ 18ರಂದು, ಇದೇ ಅಠಾರಾ ಕಚೇರಿಯ ಸಭಾಂಗಣದಲ್ಲಿ. ಆ ಸಭೆಯಲ್ಲಿ ಚುನಾಯಿತ ಸದಸ್ಯರು 99 ಮಂದಿ, ನಾಮಕರಣಗೊಂಡವರು ಒಬ್ಬರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಪ್ರಮಾಣವಚನ ಸ್ವೀಕರಿಸಿದ್ದು, ಸಭಾಧ್ಯಕ್ಷ ಸ್ಥಾನಕ್ಕೆ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಎಚ್. ಸಿದ್ಧಯ್ಯನವರ ಎದುರು ಸ್ಪರ್ಧಿಸಿದ್ದು ಅಲ್ಲಿಯೇ. ಗೋಪಾಲಗೌಡರಿಗೆ ಆಗ ಮೂವತ್ತು ವರ್ಷವೂ ತುಂಬಿರಲಿಲ್ಲ, ಗೆಲ್ಲುವ ಸಂಖ್ಯಾಬಲವಂತೂ ಇರಲೇ ಇಲ್ಲ. ಆದರೂ ಮೊದಲ ದಿನವೇ ಆಳುವ ಪಕ್ಷಕ್ಕೆ ಎದುರಾಗಿ ಒಂದು ಹೆಸರು ನಿಂತಿತು. 1956ರ ಡಿಸೆಂಬರ್ 19ರಂದು ಹೊಸ ರಾಜ್ಯದ ವಿಧಾನಸಭೆ ಎದುರಿನ ವಿಧಾನಸೌಧದಲ್ಲಿ ಸೇರುವವರೆಗೆ ನಮ್ಮ ಪ್ರಜಾಪ್ರಭುತ್ವದ ಅಂಗಳ ಈ ಕೆಂಪು ಕಟ್ಟಡವೇ ಆಗಿತ್ತು. ಹದಿನಾಲ್ಕು ವರ್ಷದ ಮಕ್ಕಳಿಗೆ ಒಂದೇ ಒಂದು ಸಂಗತಿ ಹೇಳಬೇಕೆಂದರೆ ನಾನು ಇದನ್ನು ಹೇಳುತ್ತೇನೆ.

ಇನ್ನು ಕಟ್ಟಡ ಉಳಿದದ್ದು ಹೇಗೆ ಎಂಬ ಪ್ರಶ್ನೆ. 1956ರಲ್ಲಿ ಸಚಿವಾಲಯ ರಸ್ತೆ ದಾಟಿ ಹೊರಟುಹೋಯಿತು. ಅದೇ ವರ್ಷ ರಾಜ್ಯ ಪುನರ್ವಿಂಗಡಣೆಯಾಗಿ ಮುಂಬಯಿ, ಹೈದರಾಬಾದು, ಮದರಾಸು ಪ್ರಾಂತಗಳ ಕನ್ನಡ ಜಿಲ್ಲೆಗಳೂ ಕೊಡಗೂ ಸೇರಿದ್ದರಿಂದ ಹೈಕೋರ್ಟಿನ ವ್ಯಾಪ್ತಿ ಒಮ್ಮೆಲೇ ಹಿಗ್ಗಿತು. ಒಬ್ಬ ಒಕ್ಕಲು ಜಾಗ ಖಾಲಿ ಮಾಡುವ ಹೊತ್ತಿಗೆ ಇನ್ನೊಬ್ಬ ಒಕ್ಕಲು ಗಂಟುಮೂಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಎನ್ನಬಹುದು. ಕಟ್ಟಡ ಒಂದು ದಿನವೂ ಪಾಳು ಬೀಳಲಿಲ್ಲ. ಟಿಪ್ಪುವಿನ ಅರಮನೆಗೆ 1868ರಲ್ಲಿ ಅಂಥ ಉತ್ತರಾಧಿಕಾರಿ ಸಿಗಲಿಲ್ಲ; ಸುತ್ತಲಿನ ಕೋಟೆಯ ಗೋಡೆಗಳೂ ಕ್ರಮೇಣ ಹೋದವು, ಅರಮನೆ ಕೊನೆಗೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಉಳಿದುಕೊಂಡಿತು.

ಆದರೆ ಒಕ್ಕಲು ಇದ್ದ ಮಾತ್ರಕ್ಕೆ ಮನೆ ಉಳಿದೀತೆಂದೇನಿಲ್ಲ. 1982ರಲ್ಲಿ ಈ ಕಟ್ಟಡವನ್ನು ಕೆಡವುವ ಪ್ರಸ್ತಾವ ಬಂತು. ನಾಗರಿಕರು ಅದನ್ನು ಪ್ರಶ್ನಿಸಿ ಹೈಕೋರ್ಟಿಗೇ ಹೋದರು. ಅದರ ಹಿಂದಿನ ವರ್ಷದ ಕೊನೆಯಲ್ಲಿಯಷ್ಟೇ ಸುಪ್ರೀಂ ಕೋರ್ಟು, ನ್ಯಾಯಾಧೀಶರ ನೇಮಕಕ್ಕೆ ಸಂಬಂಧಿಸಿದ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ, ಸ್ವಂತ ಹಾನಿ ಇಲ್ಲದವರೂ ಸಾರ್ವಜನಿಕ ಹಿತಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟಬಹುದೆಂಬ ತತ್ತ್ವವನ್ನು ವಿಸ್ತಾರವಾಗಿ ಮಂಡಿಸಿತ್ತು. ಆ ಬಾಗಿಲು ತೆರೆದ ಕೂಡಲೇ ಕರ್ನಾಟಕದಲ್ಲಿ ಒಳಬಂದ ಮೊದಲ ಮೊಕದ್ದಮೆಗಳಲ್ಲಿ ಇದೂ ಒಂದು. ಕೆಡವಬೇಕೆಂದಿದ್ದ ಕಟ್ಟಡದೊಳಗೇ, ಅದನ್ನು ಕೆಡವಬಾರದೆಂಬ ಅರ್ಜಿಯ ವಿಚಾರಣೆ ನಡೆಯಿತು. ಕಟ್ಟಡ ಉಳಿಯಿತು, ಹೆಚ್ಚಿನ ಸ್ಥಳಕ್ಕಾಗಿ ಹಿಂಬದಿಯಲ್ಲಿ ಹೊಸ ಕಟ್ಟಡಗಳು ಅದೇ ಕೆಂಪು ಬಣ್ಣ ತಳೆದು ಎದ್ದವು. ಧಾರವಾಡ ಮತ್ತು ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಪೀಠಗಳು ಉತ್ತರ ಕರ್ನಾಟಕದ ಕಕ್ಷಿದಾರರ ಹೋರಾಟದ ಫಲ. ಆದರೂ ಈ ಹಳೆಯ ಗೋಡೆಗಳ ಮೇಲಿನ ಭಾರ ಅದರಿಂದ ಕಡಿಮೆಯಾದದ್ದು ನಿಜ.

ಉತ್ತರ 3 (ಸುಣ್ಣಗಾರೆ, ಮೈಸೂರು)

ಇಬ್ಬರೂ ಘಟನೆಗಳ ಮೇಲೆ ಒತ್ತು ಕೊಟ್ಟಿದ್ದಾರೆ. ಹಳೆಯ ಕಟ್ಟಡಗಳ ದುರಸ್ತಿಯ ಕೆಲಸ ಬಲ್ಲವನಾಗಿ ನಾನು ನಕ್ಷೆಯ ಕಡೆಗೆ ಗಮನ ಸೆಳೆಯಬಯಸುತ್ತೇನೆ, ಏಕೆಂದರೆ ಯಾವ ಕಟ್ಟಡಕ್ಕೆ ಎರಡನೆಯ ಒಕ್ಕಲು ಸಿಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಕ್ಷೆಯೇ ತೀರ್ಮಾನಿಸುತ್ತದೆ.

ಅಠಾರಾ ಕಚೇರಿ ಎಂದರೆ ಉದ್ದನೆಯ ಮೊಗಸಾಲೆ, ಅದರ ಮಗ್ಗುಲಿಗೆ ಒಂದೇ ಬಗೆಯ ಎತ್ತರದ ಕೋಣೆಗಳು, ಎರಡು ಅಂತಸ್ತು. ಇಂಥ ಸಾಲಿನಲ್ಲಿ ಕಂದಾಯ ಇಲಾಖೆಯೂ ಕುಳಿತುಕೊಳ್ಳಬಹುದು, ನ್ಯಾಯಪೀಠವೂ ಕುಳಿತುಕೊಳ್ಳಬಹುದು; ನಾಳೆ ಗ್ರಂಥಾಲಯ ಬಂದರೂ ಗೋಡೆ ಒಡೆಯಬೇಕಾಗಿಲ್ಲ. ಇದಕ್ಕೆ ವ್ಯತಿರಿಕ್ತವಾದ, ಆದರೆ ಅಷ್ಟೇ ಸುಲಭವಾಗಿ ಮಾರ್ಪಡುವ ಇನ್ನೊಂದು ನಕ್ಷೆ ದೊಡ್ಡ ತೆರವಿನ ಸಭಾಂಗಣದ್ದು. ನಮ್ಮೂರಿನ ಜಗನ್ಮೋಹನ ಅರಮನೆ ಅದಕ್ಕೆ ಸೊಗಸಾದ ಉದಾಹರಣೆ. ಮುಮ್ಮಡಿಯವರು 1861ರಲ್ಲಿ ಕಟ್ಟಿಸಿದ ಈ ಅರಮನೆ, 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದಾಗ ರಾಜಕುಟುಂಬದ ವಾಸಸ್ಥಾನವಾಯಿತು. 1902ರಲ್ಲಿ ವೈಸರಾಯ್ ಕರ್ಜನ್ ಸಮ್ಮುಖದಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟದ್ದು ಇಲ್ಲಿಯ ಮಂಟಪದಲ್ಲಿ. 1907ರಲ್ಲಿ ನ್ಯಾಯವಿಧಾಯಕ ಸಭೆ ಮೊದಲ ಬಾರಿಗೆ ಸೇರಿದ್ದೂ ಇಲ್ಲಿಯೇ. ದಸರೆಯ ಸಮಯದ ಪ್ರಜಾಪ್ರತಿನಿಧಿ ಸಭೆ, ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳು ಎಲ್ಲವಕ್ಕೂ ಅದೇ ಸಭಾಂಗಣ. 1915ರಿಂದ ಚಿತ್ರಶಾಲೆ, ರವಿವರ್ಮರ ಚಿತ್ರಗಳೂ ಹಲ್ದಣಕರರ ದೀಪ ಹಿಡಿದ ಹೆಣ್ಣಿನ ಚಿತ್ರವೂ ಅಲ್ಲಿವೆ. ದಸರೆಯಲ್ಲಿ ಅಲ್ಲಿ ಸಂಗೀತ, ನೃತ್ಯ, ನಾಟಕಗಳು ಇಂದಿಗೂ ನಡೆಯುತ್ತವೆ. ಪಟ್ಟಾಭಿಷೇಕಕ್ಕೂ ಪದವಿ ಪ್ರದಾನಕ್ಕೂ ನಾಟಕಕ್ಕೂ ಬೇಕಾಗುವುದು ಒಂದು ಎತ್ತರದ ವೇದಿಕೆ, ಮುಂದೆ ಜನ ಕೂರುವ ಜಾಗ, ಅಷ್ಟಿದ್ದರೆ ಸಾಕು.

ಹಾಗೆಂದು ಬಳಕೆಯೇ ರಕ್ಷಣೆ ಎಂದು ಕಟಕಟೆಯವರು ಧ್ವನಿಸಿದ್ದನ್ನು ನಾನು ಪೂರ್ತಿ ಒಪ್ಪಲಾರೆ. ಬಳಕೆ ಕಟ್ಟಡವನ್ನು ತಿನ್ನುತ್ತದೆ ಕೂಡ. ಸುಣ್ಣದ ಗಾರೆಯ ಗೋಡೆಗಳು ಒಳಗಿನ ತೇವವನ್ನು ಹೊರಬಿಟ್ಟು ತಾವು ಒಣಗುತ್ತಿರಬೇಕು. ಅವುಗಳ ಮೇಲೆ ಸಿಮೆಂಟು ಬಳಿದು ಎಣ್ಣೆಬಣ್ಣ ಹಚ್ಚಿದರೆ ತೇವ ಒಳಗೇ ನಿಂತು, ಕೆಲವೇ ಮಳೆಗಾಲಗಳಲ್ಲಿ ಗಾರೆ ಉಬ್ಬಿ ಉದುರುತ್ತದೆ. ವಿದ್ಯುತ್ ತಂತಿ, ಹವಾನಿಯಂತ್ರಣದ ಕೊಳವೆ, ಕಡತದ ಕಬ್ಬಿಣದ ಕಪಾಟು, ಗಾಳಿ ಬರುವ ಕಿಟಕಿಗೆ ಅಡ್ಡವಾಗಿ ನಿಲ್ಲಿಸಿದ ಹಲಗೆಯ ಗೋಡೆ, ಇವು ಒಂದೊಂದಾಗಿ ಬರುತ್ತವೆ, ಯಾವುದೂ ದೊಡ್ಡ ಅಪರಾಧವೆನಿಸುವುದಿಲ್ಲ. ಖಾಲಿ ಬಿದ್ದ ಕಟ್ಟಡ ಮಳೆಗೆ ಸಾಯುತ್ತದೆ, ಬಳಕೆಯಲ್ಲಿರುವ ಕಟ್ಟಡ ಸೌಕರ್ಯಗಳ ಕೈಯಲ್ಲಿ ಸವೆಯುತ್ತದೆ. ಎರಡನೆಯದು ಮೇಲು, ಏಕೆಂದರೆ ಅದನ್ನು ತಿದ್ದಬಹುದು. ಆದರೆ ತಿದ್ದಲು ಹಣವೂ ಸುಣ್ಣದ ಕೆಲಸ ಬಲ್ಲ ಗಾರೆಯವರೂ ಬೇಕು, ಈಗ ಹೆಚ್ಚು ದುರ್ಲಭವಾಗಿರುವುದು ಗಾರೆಯವರು.

ಉತ್ತರ 4 (ಶೇಷಾದ್ರಿರಸ್ತೆ)

ನಕ್ಷೆಯ ಮಾತು ಬಂದದ್ದರಿಂದ, ನಿಮ್ಮ ನಡಿಗೆಯ ದಾರಿಯಿಂದ ಬಹಳ ದೂರವಿಲ್ಲದ ಮೂರನೆಯ ಬಗೆಯ ಕಟ್ಟಡವೊಂದನ್ನು ಸೇರಿಸುತ್ತೇನೆ: ಹಳೆಯ ಸೆಂಟ್ರಲ್ ಜೈಲು, ಇಂದಿನ ಸ್ವಾತಂತ್ರ್ಯ ಉದ್ಯಾನ. ಇದೂ ಅಠಾರಾ ಕಚೇರಿಯ ಕಾಲದ್ದೇ, 1867ರದ್ದು. ನಡುವೆ ಕಾವಲು ಗೋಪುರ, ಅದರ ಸುತ್ತ ಚಾಚಿದ ಬಂದಿಗಳ ಕೊಠಡಿಗಳು. ಒಬ್ಬ ಕಾವಲುಗಾರ ನಿಂತಲ್ಲಿಂದಲೇ ಎಲ್ಲವನ್ನೂ ನೋಡಬೇಕೆಂಬ ಒಂದೇ ಉದ್ದೇಶಕ್ಕೆ ಕಟ್ಟಿದ್ದು. ಅಷ್ಟು ನಿಖರವಾದ ನಕ್ಷೆಗೆ ಬೇರೆ ಒಕ್ಕಲು ಸಿಗುವುದು ಕಷ್ಟ. 2000ದಲ್ಲಿ ಬಂದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಅಲ್ಲಿ ಕಚೇರಿಯಾಗಲಿ ಶಾಲೆಯಾಗಲಿ ಬರಲಿಲ್ಲ. ಗೋಪುರವನ್ನೂ ಕೆಲವು ಕೊಠಡಿಗಳನ್ನೂ ಉಳಿಸಿಕೊಂಡು, ಉಳಿದ ಜಾಗವನ್ನು ತೆರೆದ ಬಯಲಾಗಿಸಿ, 2008ರ ನವೆಂಬರಿನಲ್ಲಿ ಉದ್ಯಾನವಾಗಿ ತೆರೆಯಲಾಯಿತು.

ಈ ಜೈಲಿನ ವಿಷಯದಲ್ಲಿ ಬಳಕೆ ಬದಲಾದ ಬಗೆಯಲ್ಲಿಯೇ ಅರ್ಥವಿದೆ ಎಂಬುದು ನನ್ನ ಅಭಿಪ್ರಾಯ. 1975ರ ಜೂನಿನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ ಬಂಧಿಸಿ ಇಟ್ಟದ್ದು ಇಲ್ಲಿ. ಆದರೆ ಮಕ್ಕಳಿಗೆ ಅವರಿಗಿಂತ ಮೊದಲು ಸ್ನೇಹಲತಾ ರೆಡ್ಡಿಯವರ ಹೆಸರನ್ನು ಹೇಳಿ. ರಂಗಭೂಮಿಯ ಕಲಾವಿದೆ, ಕನ್ನಡ ಚಿತ್ರನಟಿ. 1976ರ ಮೇ ತಿಂಗಳಲ್ಲಿ ಬಂಧಿತರಾಗಿ ಈ ಜೈಲಿನಲ್ಲಿ ಆಸ್ತಮಾದಿಂದ ನರಳಿದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು ಐದು ದಿನಗಳಲ್ಲಿ ತೀರಿಕೊಂಡರು. ದೊಡ್ಡ ನಾಯಕರು ಆಮೇಲೆ ಮಂತ್ರಿಗಳಾದರು, ಆತ್ಮಕಥೆ ಬರೆದರು. ಈಕೆಗೆ ಆ ಅವಕಾಶ ದೊರೆಯಲಿಲ್ಲ.

ಈಗ ಆ ಆವರಣದ ಒಂದು ಭಾಗ ಧರಣಿಗೆ, ಪ್ರತಿಭಟನೆಗೆ ಮೀಸಲು. ಅಂಗನವಾಡಿ ಕಾರ್ಯಕರ್ತೆಯರು, ರೈತರು, ಗುತ್ತಿಗೆ ನೌಕರರು ಅಲ್ಲಿಯೇ ಹಗಲಿರುಳು ಕೂರುತ್ತಾರೆ. ಭಿನ್ನಮತದವರನ್ನು ಕೂಡಿಟ್ಟ ಜಾಗ ಭಿನ್ನಮತ ಹೇಳುವ ಜಾಗವಾಯಿತು ಎಂದು ಸಂತೋಷಪಡುವ ಮೊದಲು ಇನ್ನೊಂದನ್ನು ಗಮನಿಸಬೇಕು. ನಗರದಲ್ಲಿ ಪ್ರತಿಭಟನೆಗಳು ಇಲ್ಲಿ ಮಾತ್ರ ನಡೆಯಬೇಕೆಂದು 2021ರ ಆದೇಶದ ಮೂಲಕ ವಿಧಿಸಲಾಯಿತು, ಹೈಕೋರ್ಟೂ ಅದನ್ನು ಪಾಲಿಸಬೇಕೆಂದಿತು. ಸಂಚಾರಕ್ಕೆ ಅಡ್ಡಿಯಾಗಬಾರದೆಂಬ ಕಾರಣ ಸಾಧುವೇ ಇರಬಹುದು. ಆದರೆ ಪುರಭವನದ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ ಇವುಗಳಿಗೂ ಪ್ರತಿಭಟನೆಯೆಂಬ ಒಂದು ಬಳಕೆಯಿತ್ತು, ಅದನ್ನು ಅಲ್ಲಿಂದ ಕಿತ್ತು ಹಳೆಯ ಜೈಲಿನ ಗೋಡೆಯೊಳಗೆ ತಂದು ಇಟ್ಟದ್ದೂ ಕಟ್ಟಡಗಳ ಬಳಕೆಯ ಇತಿಹಾಸದ ಭಾಗವೇ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ (ಸಮಾಜಪಾಠ)

ನಾಲ್ವರಿಗೂ ಕೃತಜ್ಞತೆಗಳು. 1952ರ ಜೂನ್ 18ನ್ನು ಟಿಪ್ಪಣಿಯ ಮೊದಲ ಸಾಲಿಗೆ ತರುತ್ತೇನೆ, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗುತ್ತೇನೆ. ಕೋಟೆಬೀದಿಯವರಿಗೆ ಅರ್ಧ ಪುಟ ಸಿಗುವುದಿಲ್ಲ, ಕಾಲು ಪುಟ ಸಿಗುತ್ತದೆ. ಸೆಂಟ್ರಲ್ ಜೈಲಿಗೆ ಪ್ರತ್ಯೇಕ ಪುಟ ಬೇಕೆಂಬುದು ಸ್ಪಷ್ಟವಾಯಿತು. ಸ್ನೇಹಲತಾ ರೆಡ್ಡಿಯವರ ಹೆಸರು ಅದರಲ್ಲಿ ಇರುತ್ತದೆ.

ಒಂದು ವ್ಯಾವಹಾರಿಕ ತೊಡಕು ಉಳಿದಿದೆ. ಮೂವತ್ತು ಮಕ್ಕಳನ್ನು ಕರೆದುಕೊಂಡು ನಡೆಯುತ್ತಿರುವ ನ್ಯಾಯಾಲಯದೊಳಗೆ ಹೋಗುವುದು ಸಾಧ್ಯವಾಗುವಂತೆ ಕಾಣುವುದಿಲ್ಲ. ಹೊರಗಿನಿಂದಲೇ ತೋರಿಸುವುದಾದರೆ ಎಲ್ಲಿ ನಿಲ್ಲಿಸಿಕೊಂಡು ಹೇಳುವುದು ಒಳ್ಳೆಯದು? ಮುಂದಿನ ರಸ್ತೆಯಲ್ಲಿ ವಾಹನಗಳ ಗದ್ದಲದ ನಡುವೆ ಯಾರ ಮಾತೂ ಯಾರಿಗೂ ಕೇಳಿಸದು.

ಉತ್ತರ 5 (ಕೋಟೆಬೀದಿ)

ಕಾಲು ಪುಟವಾದರೂ ಸಿಕ್ಕಿತಲ್ಲ.

ಎರಡು ಕಡೆಗಳಿಂದ ನೋಡುವುದು ಒಳ್ಳೆಯದು. ವಾರದ ದಿನವಾದರೆ ಉದ್ಯಾನದ ಒಳಗಿನಿಂದ, ಮರಗಳ ನಡುವೆ ಕಟ್ಟಡದ ಬೆನ್ನು ಕಾಣುವ ಕಡೆ ನಿಲ್ಲಿಸಿ. ಅಲ್ಲಿ ಗದ್ದಲ ಕಡಿಮೆ, ಹಳೆಯ ಭಾಗ ಯಾವುದು, ಆಮೇಲೆ ಸೇರಿಸಿದ್ದು ಯಾವುದು ಎಂಬುದನ್ನು ಮಕ್ಕಳೇ ಗುರುತಿಸಲಿ. ಬಣ್ಣ ಒಂದೇ ಆದ್ದರಿಂದ ಅದು ಅಷ್ಟು ಸುಲಭವಲ್ಲ, ಕಿಟಕಿಗಳನ್ನು ನೋಡಲು ಹೇಳಿ. ಹಿಂದೆ ಮುಂಭಾಗದಲ್ಲಿದ್ದ ಕಬ್ಬನ್ ಅವರ ಕುದುರೆ ಸವಾರಿಯ ಪ್ರತಿಮೆ 2020ರಲ್ಲಿ ಕಬ್ಬನ್ ಉದ್ಯಾನದೊಳಕ್ಕೆ ಹೋಗಿದೆ, ಹಳೆಯ ಚಿತ್ರ ಹಿಡಿದು ಹುಡುಕುವ ಮಕ್ಕಳಿಗೆ ಅದನ್ನು ಮೊದಲೇ ತಿಳಿಸಿರಿ.

ರಜೆಯ ದಿನವಾದರೆ ವಿಧಾನಸೌಧದ ಕಡೆಯಿಂದ ನೋಡಿ. 2025ರ ಜೂನಿನಿಂದ ಪ್ರವಾಸೋದ್ಯಮ ಇಲಾಖೆ ಅಲ್ಲಿ ಭಾನುವಾರಗಳಂದು ಮಾರ್ಗದರ್ಶಕರೊಂದಿಗೆ ನಡಿಗೆ ಏರ್ಪಡಿಸಿದೆ. ಮುಂಚಿತವಾಗಿ ಹೆಸರು ನೋಂದಾಯಿಸಬೇಕು. ಅಂಬೇಡ್ಕರ್ ನಿಲ್ದಾಣದಲ್ಲಿ ಮೆಟ್ರೊ ಇಳಿದರೆ ಎರಡು ಕಟ್ಟಡಗಳ ನಡುವೆಯೇ ಮೇಲೆ ಬರುತ್ತೀರಿ. ಸೌಧದ ಮೆಟ್ಟಿಲಿನ ಕಡೆ ನಿಂತು ಎದುರು ನೋಡಿದರೆ 1956ರಲ್ಲಿ ಸಚಿವಾಲಯ ದಾಟಿಬಂದ ದೂರ ಎಷ್ಟು ಕಡಿಮೆಯೆಂದು ತಿಳಿಯುತ್ತದೆ. ಕೆಂಗಲ್ ಹನುಮಂತಯ್ಯನವರು ಕಲ್ಲಿನ ಸೌಧವನ್ನು ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ, ಅದೂ ಈ ಕೆಂಪು ಕಟ್ಟಡದ ಎದುರಿಗೇ ಏಕೆ ಕಟ್ಟಿಸಿದರೆಂಬ ಪ್ರಶ್ನೆಯನ್ನು ಅಲ್ಲಿ ಮಕ್ಕಳಿಗೆ ಕೇಳಿ. ಉತ್ತರವನ್ನು ನೀವು ಹೇಳಿಕೊಡಬೇಡಿ.